ನಿಸರ್ಗಾಧ್ಯಯನಕ್ಕೆ ಧನಸಹಾಯ: ಪ್ರಶ್ನೆಯಿಂದ ಲೆಕ್ಕಪತ್ರದವರೆಗೆ

ಅಘನಾಶಿನಿ ನದಿಯು ಕಡಲನ್ನು ಕೂಡುವ ಕುಮಟಾ ತಾಲ್ಲೂಕಿನ ಅಳಿವೆಯ ದಂಡೆಗಳಲ್ಲಿ ಗಜನಿ ಎಂದು ಕರೆಯಲ್ಪಡುವ ತಗ್ಗು ಗದ್ದೆಗಳಿವೆ. ಉಬ್ಬರದೊಡನೆ ಉಪ್ಪುನೀರು ಒಳನುಗ್ಗುವ ಆ ನೆಲದಲ್ಲಿ, ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದು ತೆಳುವಾಗಿಸಿದ ಮೇಲೆ ರೈತರು ಬಿತ್ತುವ ಕಗ್ಗ ಎಂಬ ಭತ್ತವು, ಬೇರೆ ತಳಿಗಳು ಸೊರಗಿಹೋಗುವಷ್ಟು ಲವಣಾಂಶವನ್ನು ಸಹಿಸಿಕೊಂಡು, ನೆರೆಯಲ್ಲಿ ಕೆಲವು ದಿನ ಮುಳುಗಿದ್ದರೂ ಕೊಳೆಯದೆ, ನೀಳವಾದ ಕಾಂಡದ ಮೇಲೆ ತೆನೆಯನ್ನೆತ್ತಿ ನಿಲ್ಲುತ್ತದೆ. ಕಡಲಿನ ಮಟ್ಟವು ಏರುತ್ತಿರುವ, ಮಳೆಯ ಹಂಚಿಕೆಯು ಅನಿಶ್ಚಿತವಾಗುತ್ತಿರುವ ಈ ಕಾಲದಲ್ಲಿ, ಇಂಥದೊಂದು ತಳಿಯೂ ಅದನ್ನು ತಲೆಮಾರುಗಳಿಂದ ಬೆಳೆದುಬಂದವರ ಅರಿವೂ ಕರಾವಳಿಯ ನಾಳಿನ ಅನ್ನಕ್ಕೆ ಸಂಬಂಧಿಸಿದ ವಿಷಯಗಳು. ೨೦೨೪ರಲ್ಲಿ ಈ ಅಳಿವೆಯು ರಾಮ್‌ಸಾರ್ ಒಪ್ಪಂದದ ಅಂತಾರಾಷ್ಟ್ರೀಯ ಮಹತ್ತ್ವದ ಜೌಗುಪ್ರದೇಶಗಳ ಪಟ್ಟಿಗೆ ಸೇರಿದ ಬಳಿಕವಂತೂ ಅದರ ಸಂರಕ್ಷಣೆಯ ಹೊಣೆ ಇನ್ನಷ್ಟು ಹೆಚ್ಚಿದೆ.

ಈ ಅರಿವನ್ನು ಅಳೆದು, ಬರೆದು, ಪರೀಕ್ಷಿಸಿ ನೋಡುವುದಕ್ಕೆ ಮಹಾ ಪ್ರಯೋಗಶಾಲೆಯೇ ಬೇಕೆಂದಿಲ್ಲ. ಶಿರಸಿಯ ಅರಣ್ಯ ಮಹಾವಿದ್ಯಾಲಯದ ಒಬ್ಬ ವಿದ್ಯಾರ್ಥಿಯೋ, ಧಾರವಾಡದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಿರುವ ಒಬ್ಬ ವಿದ್ಯಾರ್ಥಿನಿಯೋ ಒಂದು ಮಳೆಗಾಲದ ಶ್ರಮದಿಂದ ಅದರ ಒಂದು ಭಾಗವನ್ನು ಚೊಕ್ಕವಾಗಿ ಮಾಡಿ ಮುಗಿಸಬಹುದು. ಆದರೆ ಬಸ್ಸಿನ ಖರ್ಚು, ಕೊಠಡಿಯ ಬಾಡಿಗೆ, ಜೊತೆಗೆ ಬರುವ ಸ್ಥಳೀಯರ ಕೂಲಿ, ಮಣ್ಣಿನ ಪರೀಕ್ಷೆಯ ಶುಲ್ಕ ಇವುಗಳನ್ನು ಕೊಡುವವರು ಯಾರೆಂದು ತಿಳಿಯದೆ, ಒಳ್ಳೆಯ ಪ್ರಶ್ನೆಗಳೆಷ್ಟೋ ತರಗತಿಯ ಕೋಣೆಯನ್ನು ದಾಟದೆ ಉಳಿದುಬಿಡುತ್ತವೆ. ವಿದ್ಯಾರ್ಥಿಗಳ ಸಂಶೋಧನೆಗೆಂದು ಇರುವ ಹಣವು ದೊಡ್ಡದಲ್ಲ. ಅದು ಒಂದೇ ಕಡೆಯಲ್ಲಿಯೂ ಇಲ್ಲ. ಹಲವು ಇಲಾಖೆಗಳಲ್ಲಿ, ಅಕಾಡೆಮಿಗಳಲ್ಲಿ, ದತ್ತಿನಿಧಿಗಳಲ್ಲಿ ಚೆದುರಿಹೋಗಿದೆ. ಆದರೂ ಪ್ರಶ್ನೆಯು ಎಷ್ಟು ನಿಖರವಾಗಿದೆಯೋ ಅಷ್ಟು ಸಣ್ಣ ಮೊತ್ತವೇ ಅದಕ್ಕೆ ಸಾಕಾಗುತ್ತದೆಂಬುದನ್ನೂ, ಸಣ್ಣ ಮೊತ್ತವನ್ನು ಕೊಡುವವರು ದೊಡ್ಡ ಮೊತ್ತವನ್ನು ಕೊಡುವವರಿಗಿಂತ ಸುಲಭವಾಗಿ ಸಿಗುತ್ತಾರೆಂಬುದನ್ನೂ ಅರಿತವರಿಗೆ ಈ ದಾರಿ ದುರ್ಗಮವಲ್ಲ. ಆ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ತೋರಿಸುವುದೇ ಈ ಲೇಖನದ ಉದ್ದೇಶ.

ಪ್ರಶ್ನೆಯನ್ನು ಹದಗೊಳಿಸುವುದು

ಸೋತ ಅರ್ಜಿಗಳಲ್ಲಿ ಎದ್ದು ಕಾಣುವ ದೋಷವು ವಿಷಯದ ವಿಸ್ತಾರವೇ ಆಗಿರುತ್ತದೆ. "ಹವಾಮಾನ ಬದಲಾವಣೆಯಿಂದ ಕರಾವಳಿಯ ಕೃಷಿಯ ಮೇಲಾಗುವ ಪರಿಣಾಮಗಳ ಅಧ್ಯಯನ" ಎಂಬ ತಲೆಬರಹವನ್ನು ಓದಿದ ಪರಿಶೀಲಕನಿಗೆ ಅದು ಒಬ್ಬನ ಕೆಲಸವೋ ನೂರು ಜನರ ಕೆಲಸವೋ, ಒಂದು ವರ್ಷದ್ದೋ ಒಂದು ಆಯುಷ್ಯದ್ದೋ ತಿಳಿಯುವುದಿಲ್ಲ. ಅದೇ ವಿಷಯವನ್ನು "ಒಡ್ಡು ಗಟ್ಟಿಯಾಗಿರುವ ಗಜನಿಗಳಲ್ಲಿಯೂ ಒಡ್ಡು ಒಡೆದಿರುವ ಗಜನಿಗಳಲ್ಲಿಯೂ ಜೂನ್‌ನಿಂದ ಅಕ್ಟೋಬರ್‌ವರೆಗೆ ನೀರಿನ ಲವಣಾಂಶವು ಹೇಗೆ ವ್ಯತ್ಯಾಸಗೊಳ್ಳುತ್ತದೆ, ಕಗ್ಗದ ಪೈರು ಯಾವ ಹಂತದಲ್ಲಿ ಎಷ್ಟನ್ನು ಸಹಿಸುತ್ತದೆ" ಎಂದು ಇಳಿಸಿ ಬರೆದರೆ, ಎಲ್ಲಿ, ಯಾವಾಗ, ಏನನ್ನು, ಯಾವುದರೊಡನೆ ಹೋಲಿಸಿ ಅಳೆಯಲಾಗುವುದೆಂಬ ನಾಲ್ಕೂ ಸಂಗತಿಗಳು ಒಂದೇ ವಾಕ್ಯದಲ್ಲಿ ಅಡಕವಾಗುತ್ತವೆ; ಅದಕ್ಕೆ ತಗಲುವ ವೆಚ್ಚವೂ ಆ ವಾಕ್ಯದಿಂದಲೇ ಹೊರಡುತ್ತದೆ.

ಇಂಥ ಅಳತೆಗೆ ಬೇಕಾದ ಉಪಕರಣವೂ ಬಲು ಸರಳವಾದುದು. ಅಂಗೈಯಲ್ಲಿ ಹಿಡಿಯಬಹುದಾದ ಲವಣಮಾಪಕದ ಗಾಜಿನ ಮೇಲೆ ಗದ್ದೆಯ ನೀರಿನ ಒಂದೆರಡು ಹನಿಗಳನ್ನು ಬಿಟ್ಟು, ಮೇಲಿನ ಮುಚ್ಚಳವನ್ನು ಗಾಳಿಯ ಗುಳ್ಳೆಯೇಳದಂತೆ ಮೆಲ್ಲನೆ ಒತ್ತಿ, ಬೆಳಕಿನತ್ತ ಹಿಡಿದು ಕಣ್ಣಿಟ್ಟು ನೋಡಿದರೆ, ನೀಲಿಯೂ ಬಿಳಿಯೂ ಸಂಧಿಸುವ ಗೆರೆಯು ಸಾವಿರ ಪಾಲು ನೀರಿನಲ್ಲಿ ಉಪ್ಪು ಎಷ್ಟು ಪಾಲೆಂಬುದನ್ನು ಅಂಕಿಯಲ್ಲಿ ತೋರಿಸುತ್ತದೆ. ತೆರೆದ ಕಡಲಿನಲ್ಲಿ ಆ ಅಂಕಿ ಸುಮಾರು ೩೫. ಸಿಹಿನೀರಿನಲ್ಲಿ ಸೊನ್ನೆಯ ಸಮೀಪ. ಗಜನಿಯಲ್ಲಿ ಅದು ಮಳೆಯೊಡನೆ ಇಳಿದು ಬಿಸಿಲಿನೊಡನೆ ಏರುತ್ತಿರುತ್ತದೆ. ಒಂದೇ ಜಾಗದಲ್ಲಿ, ಉಬ್ಬರವಿಳಿತದ ಒಂದೇ ಹಂತದಲ್ಲಿ, ಒಂದೇ ಕ್ರಮದಲ್ಲಿ, ತಪ್ಪದೆ ತೆಗೆದುಕೊಂಡ ಅಳತೆಗಳ ಸಾಲೇ ಸಂಶೋಧನೆ. ಉಪಕರಣದ ಬೆಲೆಯು ಅದರ ಬೆಲೆಯನ್ನು ನಿರ್ಧರಿಸುವುದಿಲ್ಲ.

ಕಾಡಿನ ಅಧ್ಯಯನಗಳಿಗೂ ಈ ಮಾತು ಸಲ್ಲುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನ ರಾಮಪತ್ರೆಯ ಜೌಗುಕಾಡಿನಲ್ಲಿ ಕಂಡುಬಂದು, ೨೦೧೪ರಲ್ಲಿ ವಿಜ್ಞಾನಲೋಕಕ್ಕೆ ಪರಿಚಿತವಾದ ಕುಂಬಾರ ಕಪ್ಪೆಯ ಗಂಡು, ಮುಂಗಾಲುಗಳಿಂದ ತೊರೆಯ ಕೆಸರನ್ನೆತ್ತಿ ಮೊಟ್ಟೆಗಳ ಮೇಲೆ ಮೆತ್ತುತ್ತದೆಂಬ ಸೋಜಿಗವು ಹೊರಬಂದುದು, ಇರುಳಿನಲ್ಲಿ ತೊರೆಯ ಬದಿಯಲ್ಲಿ ಕುಳಿತು ತಾಳ್ಮೆಯಿಂದ ಕಾದು ನೋಡಿದವರಿಂದ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ೧೯೩೨ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರೂ ಆದ ಸಿ. ಆರ್. ನಾರಾಯಣರಾಯರು ದಕ್ಷಿಣ ಭಾರತದ ಹೊಸ ಕಪ್ಪೆಗಳನ್ನು ೧೯೩೭ರಲ್ಲಿ ವರ್ಣಿಸಿದ ಪರಂಪರೆಯ ಮುಂದುವರಿಕೆಯೇ ಇದು.

ಇಲ್ಲಿ ಇನ್ನೊಂದು ವಿವೇಚನೆಯೂ ಅವಶ್ಯ. ಹವಾಮಾನ ಬದಲಾವಣೆಯ ಕಾರಣಗಳನ್ನು ತಗ್ಗಿಸುವ ಕೆಲಸ ಒಂದು. ಆಗಿಹೋದ ಮತ್ತು ಆಗಲಿರುವ ಬದಲಾವಣೆಗೆ ಜನರೂ ಜೀವಿಗಳೂ ಹೊಂದಿಕೊಳ್ಳುವ ಬಗೆಯನ್ನು ಅರಿಯುವ ಕೆಲಸ ಇನ್ನೊಂದು. ಸಸಿ ನೆಡುವ ಯೋಜನೆಯನ್ನು ಹೊಂದಾಣಿಕೆಯ ಸಂಶೋಧನೆಯೆಂದು ಹೆಸರಿಸಿ ಕಳುಹಿಸಿದರೆ ಅರ್ಜಿಯು ಮೊದಲ ಓದಿನಲ್ಲಿಯೇ ಬದಿಗೆ ಸರಿಯುತ್ತದೆ. ಮಾರ್ಚ್ ಏಪ್ರಿಲ್‌ಗಳ ಹೂಮಳೆ ತಪ್ಪಿದಾಗ ಕೊಡಗಿನ ಕಾಫಿ ಬೆಳೆಗಾರರು ಏನು ಮಾಡುತ್ತಾರೆ, ಬಯಲುಸೀಮೆಯ ಕೆರೆಗಳು ತುಂಬುವ ತಿಂಗಳು ಬದಲಾದರೆ ವಲಸೆ ಹಕ್ಕಿಗಳು ಎಲ್ಲಿ ಇಳಿಯುತ್ತವೆ ಎಂಬಂಥವು ಹೊಂದಾಣಿಕೆಯ ಪ್ರಶ್ನೆಗಳು.

ಹಣ ಕೇಳುವುದಕ್ಕೆ ಮೊದಲು

ಯಾವುದು ಉಚಿತವಾಗಿ ದೊರೆಯುತ್ತದೆಯೋ ಅದಕ್ಕೆ ಹಣವನ್ನು ಕೇಳುವುದು ಅರ್ಜಿದಾರನ ಅಜ್ಞಾನವನ್ನು ತೋರಿಸುತ್ತದೆ. ಭಾರತೀಯ ಹವಾಮಾನ ಇಲಾಖೆಯು ೧೯೦೧ರಿಂದೀಚಿನ ದಿನವಹಿ ಮಳೆಯ ಅಂಕಿಗಳನ್ನು, ಸುಮಾರು ೨೫ ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಯಾರು ಬೇಕಾದರೂ ಪಡೆಯುವಂತೆ ತನ್ನ ಜಾಲತಾಣದಲ್ಲಿ ಇಟ್ಟಿದೆ. ೧೯೮೮ರಲ್ಲಿ ಬರಗಾಲದ ಮೇಲ್ವಿಚಾರಣೆಗೆಂದು ಹುಟ್ಟಿ, ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿರುವ ಸಂಸ್ಥೆಯು ಗ್ರಾಮ ಪಂಚಾಯತಿಯ ಮಟ್ಟದವರೆಗೆ ಸ್ವಯಂಚಾಲಿತ ಮಳೆಮಾಪಕಗಳನ್ನು ಹೊಂದಿದೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳು ೨೦೦೮ರಿಂದ ಎಲ್ಲರಿಗೂ ಮುಕ್ತವಾಗಿವೆ. ಇಸ್ರೋ ಸಂಸ್ಥೆಯ ಭುವನ್ ತಾಣದಲ್ಲಿ ನಮ್ಮ ನೆಲದ ನಕ್ಷೆಗಳಿವೆ. ಮರಗಳು ಚಿಗುರುವ, ಹೂಬಿಡುವ, ಕಾಯಾಗುವ ಕಾಲವನ್ನು ಶಾಲಾಮಕ್ಕಳಿಂದಲೂ ನಾಗರಿಕರಿಂದಲೂ ವಾರವಾರವೂ ಸಂಗ್ರಹಿಸುವ ಸೀಸನ್‌ವಾಚ್, ಹಕ್ಕಿಗಳ ದಾಖಲೆಯ ಈಬರ್ಡ್, ೨೦೦೮ರಲ್ಲಿ ತೆರೆದ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇವೆಲ್ಲವೂ ಹಿನ್ನೆಲೆಯ ಮಾಹಿತಿಗೆ ಒಳ್ಳೆಯ ಆಕರಗಳು.

ಅಂತೆಯೇ, ತಾನು ಎತ್ತಿಕೊಂಡ ಪ್ರಶ್ನೆಯನ್ನು ಮತ್ತೊಬ್ಬರು ಈಗಾಗಲೇ ಉತ್ತರಿಸಿರುವರೇ ಎಂಬುದನ್ನು ನೋಡಿಕೊಳ್ಳದೆ ಅರ್ಜಿಯನ್ನು ಬರೆಯತಕ್ಕದ್ದಲ್ಲ. ಭಾರತದ ವಿಶ್ವವಿದ್ಯಾನಿಲಯಗಳ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಭಂಡಾರದಲ್ಲಿ ಓದುವುದಕ್ಕೆ ಸಿಗುತ್ತವೆ. ಹಿಂದಿನವರು ಎಲ್ಲಿ ನಿಲ್ಲಿಸಿದರೆಂಬುದನ್ನು ತೋರಿಸಿ, ಅಲ್ಲಿಂದ ತಾನು ಮುಂದಿಡುವ ಒಂದು ಹೆಜ್ಜೆ ಯಾವುದೆಂದು ಹೇಳಬಲ್ಲವನ ಮಾತಿಗೆ ತೂಕ ತಾನಾಗಿಯೇ ಬರುತ್ತದೆ.

ಜೀವನಕ್ಕೆ ಹಣ, ಕೆಲಸಕ್ಕೆ ಹಣ

ಧನಸಹಾಯಗಳಲ್ಲಿ ಎರಡು ಮುಖ್ಯ ಬಗೆಗಳಿವೆ: ಸಂಶೋಧಕನ ಜೀವನಕ್ಕೆ ಆಧಾರವಾಗುವ ವೇತನ ಒಂದು; ಕ್ಷೇತ್ರಕಾರ್ಯದ ವೆಚ್ಚಕ್ಕೆ ದೊರೆಯುವ ಅನುದಾನ ಇನ್ನೊಂದು. ಇವೆರಡನ್ನು ಒಂದೆಂದು ಭಾವಿಸುವುದರಿಂದ ಬಹಳ ಕಾಲ ವ್ಯರ್ಥವಾಗುತ್ತದೆ.

ಮೊದಲನೆಯ ಬಗೆಯಲ್ಲಿ, ಸಿಎಸ್‌ಐಆರ್ ಮತ್ತು ಯುಜಿಸಿ ಸಂಸ್ಥೆಗಳ ಪರವಾಗಿ ವರ್ಷಕ್ಕೆರಡು ಬಾರಿ ನಡೆಯುವ ನೆಟ್ ಪರೀಕ್ಷೆಯ ಮೂಲಕ ದೊರೆಯುವ ಕಿರಿಯ ಸಂಶೋಧನಾ ವೇತನವೇ ಹೆಚ್ಚು ಪ್ರಸಿದ್ಧವಾದುದು. ೨೦೨೩ರ ಜನವರಿಯಿಂದ ಜಾರಿಗೆ ಬಂದ ದರದಂತೆ ಅದು ಮೊದಲ ಎರಡು ವರ್ಷ ತಿಂಗಳಿಗೆ ೩೭,೦೦೦ ರೂಪಾಯಿ, ಹಿರಿಯ ಸಂಶೋಧಕರ ದರ್ಜೆಗೆ ಏರಿದ ಮೇಲೆ ೪೨,೦೦೦ ರೂಪಾಯಿ. ಮನೆ ಬಾಡಿಗೆಯ ಭತ್ಯೆ ಬೇರೆ. ಆದರೆ ಸಿಎಸ್‌ಐಆರ್ ವೇತನದೊಡನೆ ಇತರ ವೆಚ್ಚಗಳಿಗೆಂದು ಬರುವುದು ವರ್ಷಕ್ಕೆ ೨೦,೦೦೦ ರೂಪಾಯಿ ಮಾತ್ರವಾದುದರಿಂದ, ಕಾಡಿನಲ್ಲಿಯೋ ಕಡಲ ದಂಡೆಯಲ್ಲಿಯೋ ತಿಂಗಳುಗಟ್ಟಲೆ ದುಡಿಯಬೇಕಾದವನಿಗೆ ಅದು ಸಾಲದು. ಅವನು ಎರಡನೆಯ ಬಗೆಯ ನಿಧಿಯನ್ನೂ ಹುಡುಕಲೇಬೇಕು. ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವೇತನವುಂಟು. ಕರ್ನಾಟಕ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಅಧೀನದಲ್ಲಿರುವ ಕೆ-ಸ್ಟೆಪ್ಸ್ ಸಂಸ್ಥೆಯು ರಾಜ್ಯದಲ್ಲಿ ಪಿಎಚ್.ಡಿ. ಮಾಡುವವರಿಗೆ ವೇತನವನ್ನು ಕೊಡುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಶೋಧನಾ ವೇತನಗಳು ಬೇರೆಯಾಗಿಯೇ ಇವೆ. ಆ ಹಕ್ಕನ್ನು ಸಂಕೋಚದಿಂದಲೋ ಅರಿಯದೆಯೋ ಬಿಟ್ಟುಕೊಡಬಾರದು.

ಪದವಿಯ ಹಂತದಲ್ಲಿರುವವರಿಗೂ ಬಾಗಿಲುಗಳಿವೆ. ಮೂಲವಿಜ್ಞಾನಗಳನ್ನು ಓದುವವರಿಗೆ ಇನ್‌ಸ್ಪೈರ್ ಯೋಜನೆಯು ಕೊಡುವ ವಾರ್ಷಿಕ ೮೦,೦೦೦ ರೂಪಾಯಿಗಳಲ್ಲಿ ೨೦,೦೦೦ ಬೇಸಿಗೆಯ ಸಂಶೋಧನಾ ಕಾರ್ಯಕ್ಕೆಂದೇ ಮೀಸಲಾದುದು. ೧೯೩೪ರಲ್ಲಿ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ದೇಶದ ಇನ್ನೆರಡು ಅಕಾಡೆಮಿಗಳೊಡನೆ ಸೇರಿ, ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಎರಡು ತಿಂಗಳ ಮಟ್ಟಿಗೆ ಹೆಸರಾಂತ ವಿಜ್ಞಾನಿಗಳ ಬಳಿಗೆ ಕಳುಹಿಸುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ೧೯೭೭ರಿಂದ ನಡೆಸಿಕೊಂಡು ಬಂದಿರುವ ವಿದ್ಯಾರ್ಥಿ ಯೋಜನಾ ಕಾರ್ಯಕ್ರಮವು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಿಗೆ ನೆರವಾಗುತ್ತದೆ. ಗಜನಿಯ ತೂಬಿಗೆ ಕಡಿಮೆ ಬೆಲೆಯ ಲವಣಸೂಚಕವನ್ನು ರಚಿಸುವಂಥ ಕೆಲಸಕ್ಕೆ ಅದು ತಕ್ಕ ಸ್ಥಳ.

ಕ್ಷೇತ್ರಕಾರ್ಯದ ಸಣ್ಣ ನಿಧಿಗಳು

ಹಕ್ಕಿಗಳ ವಿಜ್ಞಾನಿ ಸಾಲಿಂ ಅಲಿಯವರು ಸಂಸ್ಥಾನಗಳ ಮುಂದೆ ಇಟ್ಟ ಕೋರಿಕೆಯು ಇಂದಿಗೂ ಮಾದರಿಯಾಗಿ ನಿಲ್ಲತಕ್ಕದ್ದು. ತಮಗೆ ಸಂಬಳ ಬೇಡ, ಪ್ರವಾಸದ ಮತ್ತು ಶಿಬಿರದ ವೆಚ್ಚವನ್ನು ವಹಿಸಿಕೊಂಡರೆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ಮಾಡಿಕೊಡುವೆನೆಂಬ ಅವರ ಪ್ರಸ್ತಾವದ ಫಲವಾಗಿಯೇ, ಮೈಸೂರು ಸಂಸ್ಥಾನದ ಆಶ್ರಯದಲ್ಲಿ ೧೯೩೯-೪೦ರ ಸಮೀಕ್ಷೆಯು ನಡೆದು, ಅದರ ವರದಿಯು ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಏನನ್ನು ಕೊಡುವೆನು, ಅದಕ್ಕಾಗಿ ಏನನ್ನು ಬೇಡುವೆನು ಎಂಬ ಎರಡೂ ಅಲ್ಲಿ ನಿಚ್ಚಳವಾಗಿದ್ದುವು. ಇಂದಿನ ಸಣ್ಣ ನಿಧಿಗಳು ನಿಂತಿರುವುದೂ ಅದೇ ನಂಬಿಕೆಯ ಮೇಲೆ. ಆದರೆ ಸಂಬಳವಿಲ್ಲದೆ ದುಡಿಯುವ ಭಾಗ್ಯವು ಎಲ್ಲರಿಗಿಲ್ಲವಾದುದರಿಂದ, ನಿಧಿಯು ಅನುಮತಿಸುವುದಾದರೆ ತನ್ನ ಊಟವಸತಿಯ ವೆಚ್ಚವನ್ನು ಅರ್ಜಿಯಲ್ಲಿ ಸೇರಿಸುವುದಕ್ಕೆ ವಿದ್ಯಾರ್ಥಿಯು ಹಿಂಜರಿಯಬೇಕಾಗಿಲ್ಲ.

ಭಾರತದ ಯುವಸಂರಕ್ಷಕರಿಗೆಂದೇ ಇರುವ ನಿಧಿಗಳಲ್ಲಿ ರವಿ ಶಂಕರನ್ ಇನ್ಲಾಕ್ಸ್ ಫೆಲೋಷಿಪ್ ಕಾರ್ಯಕ್ರಮವು ಮುಖ್ಯವಾದುದು. ಹಕ್ಕಿಗಳ ಅಧ್ಯಯನದಲ್ಲಿ ಹೆಸರಾಗಿ, ೨೦೦೯ರಲ್ಲಿ ಅಕಾಲದಲ್ಲಿ ತೀರಿಕೊಂಡ ರವಿ ಶಂಕರನ್ ಅವರ ನೆನಪಿನಲ್ಲಿ ಇನ್ಲಾಕ್ಸ್ ಶಿವದಾಸಾನಿ ಪ್ರತಿಷ್ಠಾನವು ನಡೆಸುವ ಈ ಕಾರ್ಯಕ್ರಮದಲ್ಲಿ ಕ್ಷೇತ್ರಕಾರ್ಯದ ಸಣ್ಣ ಅನುದಾನಗಳು ಸೇರಿವೆ. ಬ್ರಿಟನ್ನಿನ ರಫರ್ಡ್ ಪ್ರತಿಷ್ಠಾನವು ಸಣ್ಣ ಅನುದಾನಗಳನ್ನು ಹಂತಹಂತವಾಗಿ ಕೊಡುತ್ತದೆ: ಮೊದಲನೆಯದನ್ನು ಸಮರ್ಪಕವಾಗಿ ಮುಗಿಸಿ ವರದಿಯೊಪ್ಪಿಸಿದವರಿಗೆ ಎರಡನೆಯದರ ಬಾಗಿಲು ತೆರೆಯುತ್ತದೆ. ಕಾಲೇಜಿನ ಶುಲ್ಕ ಮತ್ತು ಸಮ್ಮೇಳನಗಳ ಪ್ರಯಾಣ ಅದರ ಪರಿಧಿಯಲ್ಲಿಲ್ಲ. ಜ್ಞಾನಕ್ಕಾಗಿ ಜ್ಞಾನವೆಂಬ ವಾದಕ್ಕಿಂತ, ಈ ಕೆಲಸದಿಂದ ಒಂದು ಜೀವಿಗೋ ನೆಲೆಗೋ ಆಗುವ ಪ್ರತ್ಯಕ್ಷ ಉಪಯೋಗವೇನೆಂಬುದಕ್ಕೆ ಅಲ್ಲಿ ಬೆಲೆ. ಒಂದೇ ಪ್ರಭೇದವನ್ನು ಕುರಿತ ಕೆಲಸಕ್ಕೆ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಪ್ರಭೇದ ಸಂರಕ್ಷಣಾ ನಿಧಿಯುಂಟು. ಏಷ್ಯದ ಹಕ್ಕಿಗಳಿಗೆ ಓರಿಯೆಂಟಲ್ ಬರ್ಡ್ ಕ್ಲಬ್ಬಿನ ನೆರವೂ ಬಾವಲಿಗಳಿಗೆ ಬ್ಯಾಟ್ ಕನ್ಸರ್ವೇಶನ್ ಇಂಟರ್‌ನ್ಯಾಷನಲ್ ಸಂಸ್ಥೆಯ ನೆರವೂ ಇವೆ. ಅಮೆರಿಕದ ಐಡಿಯಾ ವೈಲ್ಡ್ ಎಂಬ ಸಂಸ್ಥೆಯು ಹಣದ ಬದಲು ಕ್ಯಾಮೆರಾ, ದುರ್ಬೀನು, ಜಿಪಿಎಸ್ ಮುಂತಾದ ಉಪಕರಣಗಳನ್ನೇ ಕೊಡುತ್ತದೆ. ಇನ್ನೊಂದು ನಿಧಿಯಿಂದ ಪ್ರವಾಸದ ವೆಚ್ಚವನ್ನು ಪಡೆದವರಿಗೆ ಇದು ಒಳ್ಳೆಯ ಪೂರಕ.

೨೦೧೫ರಲ್ಲಿ ಸ್ಥಾಪಿತವಾಗಿ ನಬಾರ್ಡ್ ಮೂಲಕ ನಡೆಯುವ ರಾಷ್ಟ್ರೀಯ ಹವಾಮಾನ ಹೊಂದಾಣಿಕೆ ನಿಧಿಯಾಗಲಿ, ೨೦೧೧ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಆರಂಭಿಸಿದ, ಹವಾಮಾನದ ಏರುಪೇರನ್ನು ತಾಳಬಲ್ಲ ಕೃಷಿಗೆಂದಿರುವ ನಿಕ್ರಾ ಯೋಜನೆಯಾಗಲಿ ವಿದ್ಯಾರ್ಥಿಯು ನೇರವಾಗಿ ಅರ್ಜಿ ಹಾಕುವಂಥವಲ್ಲ. ಆದರೆ ಅವುಗಳ ಅಡಿಯಲ್ಲಿ ಕೆಲಸ ಮಾಡುವ ಕೇಂದ್ರಗಳಲ್ಲಿ ಯೋಜನಾ ಸಹಾಯಕರಾಗಿ ಸೇರಿ, ಅಲ್ಲಿಯ ಅನುಭವವನ್ನು ತಮ್ಮ ಪ್ರಬಂಧಕ್ಕೆ ದುಡಿಸಿಕೊಳ್ಳುವುದು ಸಾಧ್ಯ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆಯಾದ ಏಟ್ರೀ, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರ ಇವುಗಳ ಪ್ರಕಟಣೆಗಳನ್ನು ಆಗಾಗ ಗಮನಿಸುತ್ತಿರುವುದು ಈ ದೃಷ್ಟಿಯಿಂದ ಲಾಭಕರ.

ಅರ್ಜಿಯ ಬರವಣಿಗೆ

ನಿಧಿಯ ನಮೂನೆಗಳು ಬೇರೆಬೇರೆಯಾಗಿದ್ದರೂ ಅವುಗಳ ಒಳಗಿನ ಪ್ರಶ್ನೆಗಳು ಒಂದೇ: ಸಮಸ್ಯೆ ಯಾವುದು, ಈಗಲೇ ಏಕೆ, ಇಲ್ಲಿಯೇ ಏಕೆ, ನೀವೇ ಏಕೆ, ಹೇಗೆ ಮಾಡುವಿರಿ, ಎಷ್ಟು ವೆಚ್ಚ, ಕೊನೆಗೆ ಏನು ಉಳಿಯುವುದು. ಮೊದಲ ಪರಿಚ್ಛೇದದಲ್ಲಿಯೇ ಪ್ರಶ್ನೆಯು ಸ್ಪಷ್ಟವಾಗಿ ಬರಲಿ. ಭೂಮಿಯ ತಾಪಮಾನದಿಂದ ತೊಡಗಿ ಮೂರನೆಯ ಪುಟದಲ್ಲಿ ಕುಮಟಾವನ್ನು ತಲುಪುವ ಅರ್ಜಿಯನ್ನು ಓದುವಷ್ಟು ಸಮಯ ಪರಿಶೀಲಕರಿಗೆ ಇರುವುದಿಲ್ಲ. ವಿಧಾನವನ್ನು ಬರೆಯುವಾಗ ಎಷ್ಟು ಗದ್ದೆಗಳು, ಅವುಗಳ ಆಯ್ಕೆ ಹೇಗೆ, ಎಷ್ಟು ದಿನಗಳಿಗೊಮ್ಮೆ ಅಳತೆ, ಎಷ್ಟು ಮನೆಗಳಲ್ಲಿ ಮಾತುಕತೆ ಎಂಬುದನ್ನು ಅಂಕಿಗಳಲ್ಲಿಯೇ ಹೇಳಬೇಕು. ಊಹಿಸಿದ ಫಲಿತಾಂಶವು ಬಾರದಿದ್ದರೆ ಏನಾಗುವುದೆಂಬುದನ್ನೂ ಒಂದು ಮಾತಿನಲ್ಲಿ ಸೂಚಿಸಿದರೆ, ಬರೆದವರು ಯೋಚಿಸಿರುವರೆಂಬ ವಿಶ್ವಾಸ ಓದುವವರಲ್ಲಿ ಮೂಡುತ್ತದೆ.

ಶಿಫಾರಸು ಮಾಡುವ ಹಿರಿಯರನ್ನು ಆರಿಸುವಾಗ ದೊಡ್ಡ ಹೆಸರಿಗಿಂತ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು ಮೇಲು. ಗುರುಗಳನ್ನು ಕಡೆಯ ಗಡುವಿನ ಹಿಂದಿನ ಇರುಳು ಪತ್ರ ಕೇಳುವುದು ಸಲ್ಲದು. ತಿಂಗಳ ಮೊದಲೇ ಅರ್ಜಿಯ ಕರಡನ್ನೂ ನಿಮ್ಮ ಕೆಲಸದ ವಿವರವನ್ನೂ ಒಪ್ಪಿಸಿ, ವಿನಯದಿಂದ ನೆನಪಿಸುತ್ತಿರಬೇಕು. ಅರ್ಜಿಯು ಇಂಗ್ಲಿಷಿನಲ್ಲಿರಬೇಕಾದಾಗ ಕನ್ನಡದಲ್ಲಿ ಓದಿ ಬೆಳೆದವರು ಅಳುಕುವುದುಂಟು. ಪ್ರಶ್ನೆಯನ್ನು ಮೊದಲು ಕನ್ನಡದಲ್ಲಿಯೇ ಬರೆದು, ಅದನ್ನು ವಿಷಯದ ಪರಿಚಯವಿಲ್ಲದ ಒಬ್ಬರಿಗೆ ಓದಿ ತೋರಿಸಿ, ಅವರಿಗೆ ಅರ್ಥವಾದ ಮೇಲೆ ಚಿಕ್ಕಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯುವುದು ನೆಮ್ಮುವಂಥ ಕ್ರಮ. ಸಣ್ಣ ನಿಧಿಗಳ ಪರಿಶೀಲಕರು ಭಾಷೆಯ ಬೆಡಗಿಗಿಂತ ವಿಚಾರದ ನೇರವನ್ನು ಗೌರವಿಸುತ್ತಾರೆ. ಅಳಿವೆಯ ಭಾಷೆಯನ್ನು, ಅಲ್ಲಿನ ಜನರನ್ನು ಬಲ್ಲವರೆಂಬುದೇ ದೊಡ್ಡ ಅರ್ಹತೆಯಾದುದರಿಂದ ಅದನ್ನು ಅರ್ಜಿಯಲ್ಲಿ ಮರೆಯದೆ ಹೇಳಬೇಕು.

ಆಯವ್ಯಯವೆಂಬ ವಿಚಾರಪತ್ರ

ಆಯವ್ಯಯದ ಪಟ್ಟಿಯನ್ನು ಕೊನೆಯ ಗಳಿಗೆಯಲ್ಲಿ ತುಂಬುವ ಕಾಗದವೆಂದು ತಿಳಿಯಬಾರದು. ಸಂಶೋಧನೆಯ ವಿಧಾನವು ನಿಜವಾಗಿಯೂ ನಡೆಯತಕ್ಕದ್ದೇ ಎಂಬುದು ಪರೀಕ್ಷೆಗೊಳಗಾಗುವುದು ಅಲ್ಲಿಯೇ. ಮೇಲೆ ಹೇಳಿದ ಕಗ್ಗದ ಅಧ್ಯಯನಕ್ಕೆ ಜೂನ್‌ನಿಂದ ನವೆಂಬರ್‌ವರೆಗಿನ ಆರು ತಿಂಗಳ ಒಂದು ಮಾದರಿ ಲೆಕ್ಕವನ್ನು ಹೀಗೆ ಹಾಕಬಹುದು; ದರಗಳನ್ನು ಆಯಾ ಊರಿನಲ್ಲಿ ವಿಚಾರಿಸಿ ತಿದ್ದಿಕೊಳ್ಳಬೇಕು.

ಪ್ರಯಾಣ: ತಿಂಗಳಿಗೆ ಎರಡರಂತೆ ೧೨ ಬಾರಿ, ತಲಾ ೭೦೦ ರೂಪಾಯಿ — ೮,೪೦೦
ಕೊಠಡಿಯ ಬಾಡಿಗೆ: ೬ ತಿಂಗಳು, ತಲಾ ೩,೫೦೦ — ೨೧,೦೦೦
ಊಟ: ೭೨ ದಿನ, ದಿನಕ್ಕೆ ೨೫೦ — ೧೮,೦೦೦
ಸ್ಥಳೀಯ ಸಹಾಯಕರ ಕೂಲಿ: ೬೦ ದಿನ, ದಿನಕ್ಕೆ ೬೦೦ — ೩೬,೦೦೦
ಲವಣಮಾಪಕ — ೪,೦೦೦
ಮಣ್ಣಿನ ಪರೀಕ್ಷೆ: ೬೦ ಮಾದರಿ, ತಲಾ ೨೦೦ — ೧೨,೦೦೦
ಊರಿನ ಸಭೆ ಮತ್ತು ಕನ್ನಡದ ಕಿರುಹೊತ್ತಗೆ — ೬,೦೦೦
ಅನಿರೀಕ್ಷಿತ ವೆಚ್ಚ, ನೂರಕ್ಕೆ ೫ — ೫,೨೭೦
ಒಟ್ಟು — ೧,೧೦,೬೭೦

ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮೊತ್ತವು ಸ್ಥಳೀಯ ಸಹಾಯಕರದೆಂಬುದನ್ನು ಓದುಗರು ಗಮನಿಸಬೇಕು. ಅದು ಹಾಗೆಯೇ ಇರತಕ್ಕದ್ದು. ಯಾವ ಒಡ್ಡು ಎಲ್ಲಿ ಜಾರುತ್ತದೆ, ಯಾವ ಹೊತ್ತಿಗೆ ನೀರು ಏರುತ್ತದೆ ಎಂಬುದನ್ನು ಬಲ್ಲವರ ದಿನದ ದುಡಿಮೆಯನ್ನು ಉಚಿತವಾಗಿ ಪಡೆದು ಬರೆದ ಪ್ರಬಂಧವು ಎಷ್ಟೇ ಪ್ರಶಂಸೆ ಗಳಿಸಿದರೂ ನ್ಯಾಯವಾದುದಲ್ಲ. ಪ್ರತಿಯೊಂದು ಬಾಬಿನಲ್ಲಿಯೂ ದರ, ಸಂಖ್ಯೆ, ಮೊತ್ತ ಮೂರೂ ಕಾಣಿಸಬೇಕು. ನಿಧಿಯ ಮಿತಿಯಷ್ಟನ್ನೂ ಕೇಳಲೇಬೇಕೆಂಬ ನಿಯಮವಿಲ್ಲ. ಕೆಲಸಕ್ಕೆ ಬೇಕಾದಷ್ಟನ್ನೇ ಕೇಳಿದವರ ಲೆಕ್ಕವನ್ನು ಪರಿಶೀಲಕರು ನಂಬುತ್ತಾರೆ. ಹಾಗೆಂದು ಕರುಣೆ ಗಳಿಸಲು ವೆಚ್ಚವನ್ನು ಕೃತಕವಾಗಿ ಇಳಿಸುವುದೂ ತಪ್ಪು. ನಡುಮಳೆಗಾಲದಲ್ಲಿ ಹಣ ಮುಗಿದುಹೋದರೆ ಅಳತೆಯ ಸಾಲು ಮುರಿಯುತ್ತದೆ, ಮುರಿದ ಸಾಲಿನಿಂದ ನಿರ್ಣಯ ಹುಟ್ಟುವುದಿಲ್ಲ.

ಅನುಮತಿಗಳೂ ನಿಯಮಗಳೂ

ಅಭಯಾರಣ್ಯದಲ್ಲಿಯೋ ರಾಷ್ಟ್ರೀಯ ಉದ್ಯಾನದಲ್ಲಿಯೋ ಸಂಶೋಧನೆ ಮಾಡಲು, ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಅವಶ್ಯ. ಕಾಡುಪ್ರಾಣಿಯನ್ನು ಹಿಡಿಯುವುದೂ ಕಾನೂನಿನ ದೃಷ್ಟಿಯಲ್ಲಿ ಬೇಟೆಯೊಳಗೇ ಸೇರುವುದರಿಂದ, ಅಂಥ ಕೆಲಸಕ್ಕೆ ಬೇರೆಯೇ ಪರವಾನಿಗೆ ಬೇಕಾದೀತು. ಈ ಕಾಗದಪತ್ರಗಳು ಬರುವುದಕ್ಕೆ ತಿಂಗಳುಗಳೇ ಹಿಡಿಯಬಹುದು. ಆದುದರಿಂದ ಅನುದಾನದ ಅರ್ಜಿಯೊಡನೆಯೇ ಅನುಮತಿಯ ಅರ್ಜಿಯನ್ನೂ ಹಾಕುವುದು ಜಾಣತನ. ಗಜನಿಯಂಥ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆಯೇ ಅನುಮತಿ. ಜನರೊಡನೆ ಮಾತುಕತೆ ನಡೆಸುವುದಿದ್ದರೆ ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆಯನ್ನು ಪಡೆದು, ಉದ್ದೇಶವನ್ನು ಕನ್ನಡದಲ್ಲಿ ಓದಿ ಹೇಳಿ, ಬೇಡವೆನ್ನುವವರ ಹಕ್ಕನ್ನು ಮನ್ನಿಸಿ ಮುಂದುವರಿಯಬೇಕು.

ಹೊರದೇಶದ ಹಣಕ್ಕೆ ೨೦೧೦ರ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆಯ ಕಟ್ಟುಪಾಡುಗಳಿವೆ. ೨೦೨೦ರ ತಿದ್ದುಪಡಿಯಾದ ಬಳಿಕ, ಒಂದು ಸಂಸ್ಥೆಯು ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಹಣವು ವಿದ್ಯಾರ್ಥಿಯ ಖಾತೆಗೆ ಬರಬೇಕೋ ಸಂಸ್ಥೆಯ ಖಾತೆಗೆ ಬರಬೇಕೋ, ಸಂಸ್ಥೆಗೆ ಅದನ್ನು ಸ್ವೀಕರಿಸುವ ನೋಂದಣಿಯಿದೆಯೋ ಇಲ್ಲವೋ ಎಂಬುದನ್ನು ಅರ್ಜಿ ಹಾಕುವುದಕ್ಕೆ ಮೊದಲೇ ಕಾಲೇಜಿನ ಹಣಕಾಸು ಅಧಿಕಾರಿಗಳಲ್ಲಿಯೂ ನಿಧಿಯವರಲ್ಲಿಯೂ ಬರೆದು ಕೇಳಿಕೊಳ್ಳುವುದು ಕ್ಷೇಮ.

ಮಳೆಯ ಪಂಚಾಂಗ

ನಿಸರ್ಗದ ಅಧ್ಯಯನದಲ್ಲಿ ವರ್ಷವು ಆರಂಭವಾಗುವುದು ಮುಂಗಾರಿನೊಡನೆ. ಜೂನ್ ತಿಂಗಳಲ್ಲಿ ಗದ್ದೆಗಿಳಿಯಬೇಕಾದವರು ಹಿಂದಿನ ವರ್ಷದ ಮಳೆಗಾಲದಲ್ಲಿಯೇ ಒಮ್ಮೆ ಆ ಸ್ಥಳವನ್ನು ನೋಡಿ, ಅಕ್ಟೋಬರ್ ಹೊತ್ತಿಗೆ ಪ್ರಶ್ನೆಯನ್ನು ಸ್ಥಿರಗೊಳಿಸಿ, ಡಿಸೆಂಬರಿನೊಳಗೆ ಅರ್ಜಿಗಳನ್ನು ಕಳುಹಿಸಿ, ಬೇಸಿಗೆಯಲ್ಲಿ ಅನುಮತಿಗಳನ್ನು ಕೈಸೇರಿಸಿಕೊಳ್ಳಬೇಕು. ಗಡುವುಗಳು ನಿಧಿಯಿಂದ ನಿಧಿಗೆ ಬೇರೆಯಾಗುತ್ತವೆ, ಯೋಜನೆಗಳೂ ಶಾಶ್ವತವಲ್ಲ. ಬಹುಕಾಲ ಪ್ರಖ್ಯಾತವಾಗಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯನ್ನು ೨೦೨೨ರಲ್ಲಿ ಇನ್‌ಸ್ಪೈರ್‌ನೊಡನೆ ವಿಲೀನಗೊಳಿಸಲಾಯಿತು. ಆದುದರಿಂದ ಹಿರಿಯರು ಹೇಳಿದರೆಂದು ನೆಚ್ಚದೆ, ಆಯಾ ನಿಧಿಯ ಅಧಿಕೃತ ಜಾಲತಾಣದಲ್ಲಿ ಆ ವರ್ಷದ ಪ್ರಕಟಣೆಯನ್ನು ಓದಿಯೇ ಮುಂದಿನ ಹೆಜ್ಜೆಯಿಡತಕ್ಕದ್ದು.

ಅರ್ಜಿಯು ತಿರಸ್ಕೃತವಾದರೆ ಪರಿಶೀಲಕರ ಟಿಪ್ಪಣಿಗಳಿವೆಯೇ ಎಂದು ಕೇಳಿ ಪಡೆದು, ಅವನ್ನು ಗುರುಗಳೊಡನೆ ಕುಳಿತು ಓದಿ, ತಿದ್ದಿದ ಅರ್ಜಿಯನ್ನು ಮತ್ತೊಂದು ನಿಧಿಗೆ ಕಳುಹಿಸಬೇಕು. ವಿಷಯವು ಆ ನಿಧಿಯ ಉದ್ದೇಶಕ್ಕೆ ಹೊಂದದಿದ್ದರೂ ತಿರಸ್ಕಾರ ಬರುವುದುಂಟಾದುದರಿಂದ ಅದನ್ನು ಯೋಗ್ಯತೆಯ ತೀರ್ಪೆಂದು ಬಗೆಯಬಾರದು.

ಹಣ ದೊರೆತ ಮೇಲೆ

ಮೊದಲ ದಿನದಿಂದಲೇ ಪ್ರತಿಯೊಂದು ರಸೀದಿಗೂ ಕ್ರಮಸಂಖ್ಯೆ ಕೊಟ್ಟು, ಒಂದು ಪುಸ್ತಕದಲ್ಲಿ ಬರೆದು, ಅದರ ಚಿತ್ರವನ್ನೂ ತೆಗೆದಿಟ್ಟುಕೊಳ್ಳಬೇಕು. ಮಳೆಯಲ್ಲಿ ನೆನೆದ ಬಸ್ಸಿನ ಟಿಕೆಟ್ಟು ನವೆಂಬರಿನಲ್ಲಿ ಓದುವುದಕ್ಕೆ ಬರುವುದಿಲ್ಲ. ರಸೀದಿ ಸಿಗದ ಕೂಲಿಗೆ ಪಡೆದವರ ಸಹಿಯುಳ್ಳ ಚೀಟಿಯನ್ನು ಬರೆಸಿಕೊಳ್ಳಬೇಕು. ಸರ್ಕಾರದ ಅನುದಾನಗಳಿಗೆ ವೆಚ್ಚದ ವಿವರದೊಡನೆ ನಿಗದಿತ ನಮೂನೆಯ ಬಳಕೆ ಪ್ರಮಾಣಪತ್ರವನ್ನು ಒಪ್ಪಿಸದೆ ಮುಂದಿನ ಕಂತು ಬಾರದು. ಒಂದು ಬಾಬಿನ ಹಣವನ್ನು ಇನ್ನೊಂದಕ್ಕೆ ಬಳಸಬೇಕಾದ ಪ್ರಸಂಗ ಬಂದರೆ, ಬಳಸುವುದಕ್ಕೆ ಮೊದಲೇ ಪತ್ರ ಬರೆದು ಒಪ್ಪಿಗೆ ಪಡೆಯಬೇಕು. ಮೊದಲೇ ತಿಳಿಸಿದ ಬದಲಾವಣೆಯನ್ನು ನಿಧಿಯವರು ಸಾಮಾನ್ಯವಾಗಿ ಮನ್ನಿಸುತ್ತಾರೆ, ಬಳಿಕ ತಿಳಿದುಬಂದುದನ್ನು ಮನ್ನಿಸರು.

ಫಲಿತಾಂಶವು ಮೊದಲು ಸೇರಬೇಕಾದುದು ಆ ನೆಲದವರಿಗೆ. ಇಂಗ್ಲಿಷ್ ಪ್ರಬಂಧವು ವಿಶ್ವವಿದ್ಯಾನಿಲಯದ ಕಪಾಟಿಗೂ ನಿಧಿಯವರ ಕಡತಕ್ಕೂ ಹೋಗಲಿ. ಅದರ ಸಾರವು ಕನ್ನಡದ ಎಂಟು ಪುಟಗಳಾಗಿ ರೈತರ ಕೈಗೂ, ೨೦೦೨ರ ಜೀವವೈವಿಧ್ಯ ಕಾಯಿದೆಯಂತೆ ಪಂಚಾಯತಿಯಲ್ಲಿ ರಚಿತವಾಗಿರುವ ಜೀವವೈವಿಧ್ಯ ನಿರ್ವಹಣಾ ಸಮಿತಿಗೂ ಹೋಗಬೇಕು. ಊರಿನ ಸಭೆಯಲ್ಲಿ ತನ್ನ ಅಂಕಿಗಳನ್ನು ಇಟ್ಟು, ರೈತರು ಅವುಗಳಲ್ಲಿ ಕಂಡ ತಪ್ಪನ್ನು ತಿದ್ದಿಕೊಂಡ ವಿದ್ಯಾರ್ಥಿಯ ಪ್ರಬಂಧವು ಯಾವ ಪರಿಶೀಲಕರ ಮುಂದೆಯೂ ಗಟ್ಟಿಯಾಗಿ ನಿಲ್ಲುತ್ತದೆ.

ಕಾಲೇಜುಗಳ ವಿಭಾಗಗಳೂ ಇಲ್ಲಿ ಒಂದು ಕರ್ತವ್ಯವನ್ನು ವಹಿಸಿಕೊಳ್ಳಬೇಕು. ವರ್ಷವರ್ಷವೂ ವಿದ್ಯಾರ್ಥಿಗಳು ಬರೆದ ಅರ್ಜಿಗಳನ್ನು, ಗೆದ್ದವನ್ನೂ ಸೋತವನ್ನೂ, ಪರಿಶೀಲಕರ ಟಿಪ್ಪಣಿಗಳೊಡನೆ ಒಂದು ಕಡತದಲ್ಲಿ ಕಾಪಾಡಿಟ್ಟರೆ, ಕಿರಿಯರು ಪ್ರತಿಯೊಂದನ್ನೂ ಮೊದಲಿನಿಂದ ಕಲಿಯಬೇಕಾಗುವುದಿಲ್ಲ. ನಗರದ ದೊಡ್ಡ ಸಂಸ್ಥೆಗಳಲ್ಲಿ ಹಿರಿಯರಿಂದ ಕಿರಿಯರಿಗೆ ಬಾಯಿಮಾತಿನಲ್ಲಿ ದಾಟುವ ತಿಳಿವು ಸಣ್ಣ ಊರಿನ ಕಾಲೇಜಿಗೂ ದೊರೆತಂತಾಗುತ್ತದೆ. ವಿದ್ಯಾರ್ಥಿಯಾದರೋ ಈ ವಾರವೇ ಒಂದು ಹಾಳೆಯನ್ನು ತೆಗೆದುಕೊಂಡು, ತನ್ನ ಪ್ರಶ್ನೆ, ಸ್ಥಳ, ಕಾಲ, ಅಳತೆ, ವೆಚ್ಚ ಈ ಐದನ್ನು ಬರೆದು ಗುರುಗಳ ಮುಂದಿಡಲಿ. ಆ ಒಂದು ಪುಟವು ಸಿದ್ಧವಾಗದೆ ಯಾವ ನಿಧಿಯ ಬಾಗಿಲೂ ತೆರೆಯದು. ಅದು ಸಿದ್ಧವಾದಾಗ, ಯಾರ ಹಣಕ್ಕೂ ಕಾಯದೆ ತೊಡಗಬಹುದಾದ ಕೆಲಸವೂ ಅದರಲ್ಲಿ ಬೇಕಾದಷ್ಟಿದೆಯೆಂಬುದು ತಿಳಿದುಬರುತ್ತದೆ.